ಓಡಬೇಡಿ ಎಂದವರಿಗೆ ನರಸಾಪುರದಿಂದ ಒಂದು ಉತ್ತರ

ನರಸಾಪುರದ ಕೆರೆ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಓಡುವ ನಮ್ಮ ಸಣ್ಣ ಗುಂಪಿನ ಬಗ್ಗೆ ಊರಿನಲ್ಲಿ ಮಾತು ಶುರುವಾಗಿ ಬಹಳ ದಿನವಾಯಿತು. ಟೀ ಅಂಗಡಿಯಲ್ಲಿ, ಡೇರಿಯ ಮುಂದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಆಕ್ಷೇಪ ಹೇಳಿದ್ದಾರೆ. ಹೇಳಿದವರೆಲ್ಲ ನಮ್ಮವರೇ, ನಮಗೆ ಕೆಟ್ಟದ್ದು ಬಯಸುವವರು ಒಬ್ಬರೂ ಇಲ್ಲ. ಹಾಗಿರುವುದರಿಂದಲೇ ನಕ್ಕು ಸುಮ್ಮನಾಗುವುದು ಸರಿಯಲ್ಲ ಅನ್ನಿಸಿ, ಒಂದೊಂದನ್ನೂ ಎತ್ತಿಕೊಂಡು ಉತ್ತರ ಬರೆಯುತ್ತಿದ್ದೇನೆ.

ಮೊದಲು ನಾವು ಯಾರು ಎಂಬುದು ಗೊತ್ತಿರಲಿ. ನಾನು ಶಾಲಾ ಶಿಕ್ಷಕಿ. ನನ್ನ ಜೊತೆ ಬ್ಲೌಸ್ ಹೊಲಿಯುವ ಒಬ್ಬ ಅಕ್ಕ, ಮೆಡಿಕಲ್ ಸ್ಟೋರ್ ನಡೆಸುವ ಒಬ್ಬರು, ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಕೆಲಸ ಮಾಡುವ ಕೆಲವರು ಇದ್ದಾರೆ. ಹೆಚ್ಚಿನವರಿಗೆ ನಲವತ್ತರ ಆಸುಪಾಸು. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್, ಎಲ್ಲರಿಗೂ ಹೊಟ್ಟೆ. ಹೈಸ್ಕೂಲು ಬಿಟ್ಟ ಮೇಲೆ ಬಸ್ಸು ಹಿಡಿಯುವುದಕ್ಕೆ ಬಿಟ್ಟರೆ ಓಡಿದವರಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ ದೇಹಗಳು ಇವು. ಇಂಥವರು ಓಡಬಹುದೇ ಎಂಬುದೇ ಪ್ರಶ್ನೆ. ಓಡಬಹುದು, ಓಡಬೇಕು ಎಂಬುದು ನನ್ನ ವಾದ.

"ಯಾವ ಸೆಲೆಕ್ಷನ್‌ಗೆ ಮೇಡಂ?" ಎಂದು ಕೇಳುವವರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಆಕ್ಷೇಪಗಳ ಬೇರು ಈ ಪ್ರಶ್ನೆಯಲ್ಲಿದೆ. ನಮ್ಮ ಕಡೆ ನಸುಕಿನಲ್ಲಿ ಓಡುವವರೆಂದರೆ ಪೊಲೀಸ್ ಕೆಲಸಕ್ಕೋ ಮಿಲಿಟರಿಗೋ ಪ್ರಾಕ್ಟೀಸ್ ಮಾಡುವ ಹುಡುಗರು. ಅವರಿಗೆ ಓಟ ಒಂದು ಪರೀಕ್ಷೆ. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಲೆಕ್ಕ ಹಾಕಿದರೆ ಗಂಟೆಗೆ ಹೆಚ್ಚುಕಡಿಮೆ 15 ಕಿಲೋಮೀಟರ್ ವೇಗ. ಆ ಹುಡುಗರು ಮುಖ ಕೆಂಪು ಮಾಡಿಕೊಂಡು, ಗೆರೆ ದಾಟಿ ಮಂಡಿಯ ಮೇಲೆ ಕೈಯೂರಿ ನಿಲ್ಲುವುದನ್ನು ನೋಡಿ ನೋಡಿ, ಓಟ ಎಂದರೆ ಅದೇ ಎಂದು ಊರು ನಂಬಿಕೊಂಡಿದೆ. ನಾವು ಓಡುವುದು ಅದರ ಅರ್ಧ ವೇಗಕ್ಕೂ ಕಡಿಮೆ. ಚುರುಕಾಗಿ ನಡೆಯುವ ಹುಡುಗನೊಬ್ಬ ನಮ್ಮ ಪಕ್ಕದಲ್ಲೇ ಬರಬಹುದು. ಮಂಡಿ ಸವೆಯುತ್ತದೆ, ಎದೆ ಒಡೆಯುತ್ತದೆ, ದಪ್ಪಗಿರುವವರಿಗೆ ಆಗದು ಎನ್ನುವ ಮಾತುಗಳಲ್ಲಿ ಹೆಚ್ಚಿನವು ವೇಗದ ಬಗ್ಗೆ ಹೇಳುವಂಥವು. ಅವನ್ನು ಓಟದ ಮೇಲೆ ಹೊರಿಸುತ್ತಿದ್ದೇವೆ.

ಈಗ ಹಿರಿಯರ ಮಾತಿಗೆ ಬರುತ್ತೇನೆ. "ನಮ್ ಕಾಲದಾಗ ಯಾರು ಓಡ್ತಿದ್ರು? ಹೊಲದ ಕೆಲ್ಸನೇ ಸಾಕಾಗ್ತಿತ್ತು. ಕೆಲ್ಸ ಇಲ್ದೋರು ಓಡ್ತಾರೆ." ಇದರ ಮೊದಲ ಭಾಗ ನೂರಕ್ಕೆ ನೂರು ನಿಜ. ಬಾವಿಯಿಂದ ನೀರೆತ್ತಿ, ರಾಗಿ ಕೊಯ್ದು ಹೊರೆ ಹೊತ್ತು, ಕಣದಲ್ಲಿ ತುಳಿಸಿ, ಸಂತೆಗೆ ನಡೆದೇ ಹೋಗಿ ಬರುತ್ತಿದ್ದವರಿಗೆ ಕೆರೆ ಕಟ್ಟೆಯ ಮೇಲೆ ಓಡುವ ಅಗತ್ಯ ಖಂಡಿತ ಇರಲಿಲ್ಲ. ಆದರೆ ಆ ನರಸಾಪುರ ಈಗ ಎಲ್ಲಿದೆ? ಹೊಲಗಳಿದ್ದ ಜಾಗದಲ್ಲಿ ಕೈಗಾರಿಕಾ ಪ್ರದೇಶ ಬಂದಿದೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು, 2023ರಲ್ಲಿ ಅದು ಟಾಟಾದವರ ಕೈಗೆ ಹೋಯಿತು. ನಮ್ಮ ಮಕ್ಕಳು, ತಂಗಿಯರು ಲೈನಿನಲ್ಲಿ ಒಂದೇ ಕಡೆ ಎಂಟು ಗಂಟೆ ನಿಂತೋ ಕೂತೋ ಕೆಲಸ ಮಾಡುತ್ತಾರೆ. ಬೆನ್ನು ನೋಯುತ್ತದೆ, ಕಾಲು ಊದಿಕೊಳ್ಳುತ್ತದೆ, ಬಹಳ ಸುಸ್ತಾಗುತ್ತದೆ. ಆದರೆ ಆ ಸುಸ್ತು ಹೃದಯಕ್ಕೂ ಶ್ವಾಸಕೋಶಕ್ಕೂ ವ್ಯಾಯಾಮ ಕೊಟ್ಟದ್ದರಿಂದ ಬಂದದ್ದಲ್ಲ. ಹೊಲ ಉಳಿಸಿಕೊಂಡವರೂ ಬೈಕಿನಲ್ಲೇ ಹೊಲಕ್ಕೆ ಹೋಗುತ್ತಾರೆ, ಡ್ರಿಪ್ ಪೈಪಿನ ವಾಲ್ವ್ ತಿರುಗಿಸಿ ಬರುತ್ತಾರೆ. ಮುದ್ದೆಯ ಗಾತ್ರ ಮಾತ್ರ ಅಪ್ಪಂದಿರ ಕಾಲದ್ದೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಹುರುಪಿನ ವ್ಯಾಯಾಮ ಬೇಕು. ನಮ್ಮ ತಾತಂದಿರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದರು. ನಮಗೆ ಇಡೀ ವಾರಕ್ಕೂ ಸಿಗುತ್ತಿಲ್ಲ. ಹಿರಿಯರ ದುಡಿಮೆಯ ಮೇಲೆ ನನಗಿರುವ ಗೌರವವೇ ಈ ಮಾತು ಹೇಳಿಸುತ್ತಿದೆ.

ಮಂಡಿಯ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಮಂಡಿ ನೋವಿಲ್ಲದ ಮನೆ ಹುಡುಕುವುದು ಕಷ್ಟ. "ನಡೆದೇ ನಮ್ ಮಂಡಿ ಹಿಂಗಾಗಿದೆ, ನೀನು ಓಡಿದ್ರೆ ಐವತ್ತಕ್ಕೇ ಕೋಲು ಹಿಡೀತೀಯ" ಎಂದು ನನ್ನ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಏಳುತ್ತಲೇ ಹೇಳಿದರು. ಅವರ ನೋವು ಕಣ್ಣಿಗೆ ಕಾಣುವಂಥದ್ದು. ಆದರೆ ಕಾರಣ ಅವರು ಹೇಳುವುದೇ ಆಗಿರಬೇಕೆಂದಿಲ್ಲ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ದಶಕಗಳಿಂದ ಗೊತ್ತಿರುವ ವಿಷಯ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿದ್ದೇವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಕೊಳವೆ ಬಾವಿ ಸಾವಿರ ಅಡಿ ದಾಟಿ ಆಳಕ್ಕಿಳಿದು ಕಲ್ಲಿನ ಸಂದಿಯ ಹಳೆಯ ನೀರು ಎತ್ತತೊಡಗಿದ ಮೇಲೆ ಈ ಸಮಸ್ಯೆ ಇನ್ನೂ ಬಿಗಡಾಯಿಸಿತು. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ಸೇರಿ ಕತ್ತು, ಬೆನ್ನು, ಮಂಡಿ ಬಿಗಿಯುತ್ತವೆ. ಇದರ ಜೊತೆಗೆ ತೂಕ, ವಯಸ್ಸು, ಕುಕ್ಕುರುಗಾಲಿನಲ್ಲಿ ಕೂತು ಮಾಡಿದ ಜೀವಮಾನದ ಕೆಲಸ ಇವೆಲ್ಲ ಸೇರಿ ನಮ್ಮ ತಾಯಂದಿರ ಮಂಡಿಯನ್ನು ಕೆಡಿಸಿವೆ. ಅವರಲ್ಲಿ ಓಡಿ ಮಂಡಿ ಕೆಡಿಸಿಕೊಂಡವರು ಯಾರಿದ್ದಾರೆ?

ಓಡುವವರ ಮಂಡಿಯನ್ನು ವೈದ್ಯರು ಬಹಳ ಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಸೊಂಟ, ಮಂಡಿಯ ಕೀಲು ಸವೆತ ಕಂಡದ್ದು ಹವ್ಯಾಸಕ್ಕಾಗಿ ಓಡುವವರಲ್ಲಿ ಶೇ. 3.5 ಮಂದಿಗೆ, ಓಡದೆ ಕೂತಿರುವವರಲ್ಲಿ ಶೇ. 10.2 ಮಂದಿಗೆ. ಸ್ಪರ್ಧೆಗಾಗಿ ಅತಿಯಾಗಿ ಓಡುವವರಲ್ಲಿ ಮಾತ್ರ ಅದು ಶೇ. 13.3. ಈ ಕೊನೆಯ ಅಂಕಿಯನ್ನು ಬೇಕೆಂದೇ ಬರೆಯುತ್ತಿದ್ದೇನೆ, ಮುಚ್ಚಿಟ್ಟರೆ ನನ್ನ ವಾದಕ್ಕೆ ಬೆಲೆ ಇರುವುದಿಲ್ಲ. ಮಂಡಿ ಮೊದಲೇ ನೋಯುತ್ತಿರುವವರು ಓಟದಿಂದ ದೂರ ಉಳಿದಿರಲೂಬಹುದು ಎಂಬುದೂ ನಿಜ, ಆದ್ದರಿಂದ ಓಟವೇ ಮಂಡಿಯನ್ನು ಕಾಪಾಡಿತು ಎಂದು ಸಾಧಿಸಲು ಹೊರಡುವುದಿಲ್ಲ. ಮಿತವಾಗಿ ಓಡಿದರೆ ಮಂಡಿ ಸವೆದೇ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಅಲುಗಿ ಒತ್ತಡ ಬಿದ್ದು ಬಿಟ್ಟಾಗ ಒಳಗಿನ ದ್ರವ ಹೋಗಿ ಬಂದು ಅದಕ್ಕೆ ಪೋಷಣೆ ಸಿಗುತ್ತದೆ. ಅಲುಗಾಡದ ಕೀಲು ಸೊರಗುತ್ತದೆ. ಅದರ ಸುತ್ತಲಿನ ತೊಡೆಯ ಸ್ನಾಯು ಬಲಿತಷ್ಟೂ ಕೀಲಿನ ಮೇಲಿನ ಭಾರ ಕಡಿಮೆಯಾಗುತ್ತದೆ.

ಹಾಗೆಂದು ನನ್ನ ದೊಡ್ಡಮ್ಮನನ್ನು ಓಡಿಸಲು ಹೊರಟಿಲ್ಲ. ಈಗಾಗಲೇ ಮಂಡಿ ಊದಿಕೊಂಡಿದ್ದರೆ, ಬೆಳಿಗ್ಗೆ ಎದ್ದಾಗ ಬೆನ್ನು, ಕತ್ತು ಬಾಗದಷ್ಟು ಬಿಗಿದಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಬೇಕು. ಓಡುವವರೂ ಎರಡು ಬಗೆಯ ನೋವು ಗುರುತಿಸಲು ಕಲಿಯಬೇಕು. ತೊಡೆ, ಮೀನಖಂಡ ಮಾರನೇ ದಿನ ಹಿಡಿದುಕೊಂಡರೆ ಅದು ಒಂದೆರಡು ದಿನದಲ್ಲಿ ಹೋಗುತ್ತದೆ. ಕೀಲಿನಲ್ಲೋ ಮೂಳೆಯ ಮೇಲೋ ಒಂದೇ ಜಾಗದಲ್ಲಿ ಚುಚ್ಚಿದರೆ, ಓಡುತ್ತ ಓಡುತ್ತ ಜಾಸ್ತಿಯಾದರೆ, ಆವತ್ತಿಗೆ ನಿಲ್ಲಿಸಿ ನಡೆದು ಮನೆಗೆ ಬರಬೇಕು.

ಇನ್ನು ಹೃದಯ. ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಇಲ್ಲಿ, ಮತ್ತು ಅದಕ್ಕೆ ಕಾರಣ ಎಲ್ಲರಿಗೂ ಗೊತ್ತು. "ಅಪ್ಪು ಅಷ್ಟು ವರ್ಕೌಟ್ ಮಾಡ್ತಿದ್ದೋರು, ಅವರಿಗೇ ಹಂಗಾಯ್ತು, ನೀವು ಯಾವ ಲೆಕ್ಕ?" 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ದಿನ ನಮ್ಮ ಶಾಲೆಯ ಮಕ್ಕಳು ಅತ್ತಿದ್ದಾರೆ, ನಾನೂ ಅತ್ತಿದ್ದೇನೆ. ಆ ಸಾವನ್ನು ವಾದಕ್ಕೆ ಬಳಸಲು ನನಗೆ ಮನಸ್ಸಿಲ್ಲ, ಅವರ ದೇಹದಲ್ಲಿ ಏನಾಯಿತು ಎಂದು ಊಹೆ ಮಾಡುವ ಹಕ್ಕೂ ನನಗಿಲ್ಲ. ಆದರೆ ಅದರಿಂದ ವ್ಯಾಯಾಮ ಬಿಡಿ ಎಂಬ ಪಾಠ ತೆಗೆಯುವವರಿಗೆ ಉತ್ತರ ಕೊಡಲೇಬೇಕು. ಆ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಆ ಜನ ತೆಗೆದ ಪಾಠವೇ ಸರಿ. ಎರಡು ವರ್ಷದ ನಂತರ ಸರ್ಕಾರ ಪುನೀತ್ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಂದ ತಕ್ಷಣ ಓದಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಎದೆ ನೋವೆಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗುವ ನಮ್ಮ ಊರುಗಳಲ್ಲಿ ಈ ಯೋಜನೆಯ ವಿಷಯ ಪ್ರತಿ ಮನೆಗೂ ಗೊತ್ತಿರಬೇಕು. 2025ರ ಜೂನ್ ಹೊತ್ತಿಗೆ ಹಾಸನದಿಂದ ಒಂದರ ಮೇಲೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗಲೂ, ಸರ್ಕಾರ ನೇಮಿಸಿದ ತಜ್ಞರ ಸಮಿತಿ ಬೊಟ್ಟು ಮಾಡಿದ್ದು ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜಿನ ಕಡೆಗೆ.

ವಾಟ್ಸಾಪಿನಲ್ಲಿ ಆಗಾಗ ತಿರುಗುವ ಇನ್ನೊಂದು ಹೆಸರು ಜಿಮ್ ಫಿಕ್ಸ್. ಓಟದ ಬಗ್ಗೆ 1977ರಲ್ಲಿ ಪುಸ್ತಕ ಬರೆದು ಅಮೆರಿಕವನ್ನೇ ಓಡಿಸಿದವರು, 1984ರಲ್ಲಿ ಓಡುವಾಗಲೇ ಹೃದಯಾಘಾತದಿಂದ ಸತ್ತರು ಎಂಬುದು ನಿಜ. ಮೆಸೇಜಿನಲ್ಲಿ ಬಾರದ ಉಳಿದರ್ಧ ಹೀಗಿದೆ: ಅವರ ತಂದೆಗೆ 35ಕ್ಕೇ ಹೃದಯಾಘಾತವಾಗಿ 43ಕ್ಕೆ ತೀರಿಕೊಂಡಿದ್ದರು. ಫಿಕ್ಸ್ ಓಟ ಶುರು ಮಾಡಿದ್ದು 35ರಲ್ಲಿ, ಅಲ್ಲಿಯವರೆಗೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದರು, ತೂಕ ನೂರು ಕಿಲೋ ಹತ್ತಿರವಿತ್ತು. ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿ 52ರಲ್ಲಿ ಹೋದರು. ಇಂಥ ಮನೆತನದ ಚರಿತ್ರೆ ಇರುವವರು ತಪಾಸಣೆ ಮಾಡಿಸದೆ ಓಡಬಾರದು ಎಂಬುದು ಅದರಿಂದ ಕಲಿಯಬೇಕಾದದ್ದು.

ಅಂಕಿ ಕೇಳುವವರಿಗೆ ಹೇಳುತ್ತೇನೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಅರ್ಧ ಮ್ಯಾರಥಾನ್ ಓಡಿದ ಒಂದು ಕೋಟಿಗೂ ಹೆಚ್ಚು ಜನರ ಲೆಕ್ಕ ತೆಗೆದಾಗ ಹೃದಯ ನಿಂತದ್ದು 59 ಮಂದಿಗೆ, ಅವರಲ್ಲಿ 42 ಮಂದಿ ತೀರಿಕೊಂಡರು. ಅದೂ ಸ್ಪರ್ಧೆಯ ವೇಗದಲ್ಲಿ, 21 ಇಲ್ಲವೇ 42 ಕಿಲೋಮೀಟರ್ ದೂರದಲ್ಲಿ. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 55,137 ವಯಸ್ಕರನ್ನು ಸರಾಸರಿ 15 ವರ್ಷ ಗಮನಿಸಿತ್ತು. ಓಡುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆದ ಸಾವು ಓಡದವರಿಗಿಂತ ಶೇ. 45ರಷ್ಟು ಕಡಿಮೆ ಇತ್ತು. ದಿನಕ್ಕೆ ಐದು ಹತ್ತು ನಿಮಿಷ, ಅದೂ ನಿಧಾನವಾಗಿ ಓಡುವವರಲ್ಲೂ ಸಾವು ಕಡಿಮೆಯೇ ಇತ್ತು. ಇಂಥ ಗಮನಿಕೆಯಿಂದ ಕಾರಣ ಪೂರ್ತಿ ಸಾಬೀತಾಗುವುದಿಲ್ಲ, ಆದರೆ ಇಷ್ಟು ಜನರ ಇಷ್ಟು ವರ್ಷಗಳ ಲೆಕ್ಕವನ್ನು ಪಕ್ಕಕ್ಕೆ ತಳ್ಳಲೂ ಆಗದು.

ವಿರೋಧಿಸುವವರ ಮಾತಿನಲ್ಲಿ ನಿಜವಿರುವ ಜಾಗವೂ ಇಲ್ಲೇ ಇದೆ. ವರ್ಷಗಟ್ಟಲೆ ಮೈ ಬಗ್ಗಿಸದವನು ಒಂದು ದಿನ ಹುಮ್ಮಸ್ಸಿನಲ್ಲಿ ದಮ್ಮು ಕಟ್ಟಿ ಓಡಿದರೆ ಅಪಾಯ ಖಂಡಿತ ಇದೆ. 1993ರಲ್ಲೇ ಬಂದ ಅಧ್ಯಯನ ಹೇಳುವಂತೆ, ಇದ್ದಕ್ಕಿದ್ದಂತೆ ಜೋರಾಗಿ ಶ್ರಮಪಟ್ಟ ಸ್ವಲ್ಪ ಹೊತ್ತಿನಲ್ಲಿ ಹೃದಯಾಘಾತವಾಗುವ ಸಂಭವ ವ್ಯಾಯಾಮ ರೂಢಿಯಿಲ್ಲದವರಲ್ಲಿ ಹಲವು ಹತ್ತು ಪಟ್ಟು ಏರುತ್ತದೆ, ರೂಢಿ ಇರುವವರಲ್ಲಿ ಬಹಳ ಕಡಿಮೆ ಏರುತ್ತದೆ. ಸಂಕ್ರಾಂತಿಗೋ ಊರ ಹಬ್ಬಕ್ಕೋ ಇಡುವ ಓಟದ ಪಂದ್ಯಕ್ಕೆ ಹುರಿದುಂಬಿ ನುಗ್ಗುವ ನಲವತ್ತರ ಗಂಡಸರನ್ನು ತಡೆಯಿರಿ, ನಾನೂ ನಿಮ್ಮ ಜೊತೆ ನಿಂತು ತಡೆಯುತ್ತೇನೆ. ಕೆರೆ ಕಟ್ಟೆಯ ಮೇಲೆ ನಿಧಾನವಾಗಿ ರೂಢಿ ಮಾಡಿಕೊಳ್ಳುವವರನ್ನು ತಡೆದರೆ, ಅವರನ್ನು ಜೀವನಪೂರ್ತಿ ಆ ಅಪಾಯದ ಪಟ್ಟಿಯಲ್ಲೇ ಇಟ್ಟಂತೆ. ನಾವು ಓಟಕ್ಕೆ ಇಳಿಯುವ ಮೊದಲು ಬಿಪಿ, ಶುಗರ್ ನೋಡಿಸಿದ್ದೇವೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ, ನಡೆಯುವಾಗಲೇ ಎದೆ ಹಿಡಿಯುತ್ತಿದ್ದರೆ ಕೋಲಾರಕ್ಕೆ ಹೋಗಿ ಇಸಿಜಿ ತೆಗೆಸಿ ವೈದ್ಯರನ್ನು ಕೇಳಿದ ಮೇಲೆಯೇ ಶುರು ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಶುಗರ್ ಇಳಿದುಹೋಗದಂತೆ ಏನು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ಕೇಳಿಕೊಳ್ಳಬೇಕು. ಎದೆ ಬಿಗಿತ, ತಲೆ ಸುತ್ತು, ದವಡೆಗೋ ಎಡತೋಳಿಗೋ ಹರಿಯುವ ನೋವು, ಕಾರಣವಿಲ್ಲದ ತಣ್ಣನೆ ಬೆವರು ಕಂಡರೆ ನಿಂತು ಪಕ್ಕದವರನ್ನು ಕೂಗಬೇಕು. ನಮ್ಮ ಗುಂಪಿನಲ್ಲಿ ಯಾರೂ ಒಬ್ಬೊಬ್ಬರೇ ಓಡುವುದಿಲ್ಲ.

"ಮೊದ್ಲು ತೂಕ ಇಳಿಸು, ವಾಕಿಂಗ್ ಮಾಡು, ಆಮೇಲೆ ಓಡುವಂತೆ" ಎನ್ನುವವರದು ಮೃದುವಾದ ಆಕ್ಷೇಪ. ನಡಿಗೆ ಒಳ್ಳೆಯದು, ನಡಿಗೆಯಿಂದಲೇ ಶುರು ಮಾಡಬೇಕು, ನಡಿಗೆಯಲ್ಲೇ ಉಳಿಯುವವರನ್ನೂ ನಾನು ಓಡಿ ಎಂದು ಎಳೆಯುವುದಿಲ್ಲ. ಆದರೆ ನಡಿಗೆ ಮುಗಿಯಿತು, ಇಂದಿನಿಂದ ಓಟ ಎಂಬ ಗೆರೆ ಎಲ್ಲೂ ಇಲ್ಲ. ಎರಡನ್ನೂ ಬೆರೆಸಿಯೇ ಶುರು ಮಾಡುವುದು ಕ್ರಮ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೋವೇ ಸಾಮಾನ್ಯ ಜನರಿಗೆ ಓಟ ಕಲಿಸಲು ಕೂತಾಗ ಹೇಳಿಕೊಟ್ಟಿದ್ದು ಇದನ್ನೇ: ಸ್ವಲ್ಪ ಓಡು, ಸುಸ್ತಾಗುವ ಮೊದಲೇ ನಡೆ, ಮತ್ತೆ ಓಡು. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬವರು ತಮ್ಮ ತಾಯಿಯಂಥ, ಸೋಫಾ ಬಿಟ್ಟು ಏಳದವರಿಗಾಗಿ ವಾರಕ್ಕೆ ಮೂರು ದಿನದಂತೆ ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್‌ಗೆ ತಲುಪಿಸುವ ಕ್ರಮ ಹೆಣೆದರು. ಅದರಲ್ಲಿ ಮೊದಲ ವಾರದ ಓಟ ಒಂದು ಸಲಕ್ಕೆ ಬರೀ ಒಂದು ನಿಮಿಷ, ಆಮೇಲೆ ಒಂದೂವರೆ ನಿಮಿಷ ನಡಿಗೆ.

ನಮ್ಮಲ್ಲಿ ಗಡಿಯಾರ ನೋಡುವುದಕ್ಕಿಂತ ಕಂಬ ಎಣಿಸುವುದು ಸುಲಭವಾಯಿತು. ಕರೆಂಟು ಕಂಬಗಳೇ ನಮ್ಮ ಅಳತೆ. ಒಂದು ಕಂಬ ಓಟ, ಎರಡು ಕಂಬ ನಡಿಗೆ. ಬ್ಲೌಸ್ ಹೊಲಿಯುವ ಅಕ್ಕನನ್ನು ನೋಡಿ ನಾನು ಕಲಿತದ್ದು ಹೆಚ್ಚು. ಅವರು ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ, ಪಾದ ಎತ್ತರಕ್ಕೆ ಎತ್ತದೆ, ನೆಲಕ್ಕೆ ಹತ್ತಿರದಲ್ಲೇ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾರೆ. ಹಿಮ್ಮಡಿ ನೆಲಕ್ಕೆ ಕುಟ್ಟಿದ ಸದ್ದೇ ಕೇಳುವುದಿಲ್ಲ. ಓಡುತ್ತಲೇ ಮಾತಾಡುತ್ತಾರೆ: ಯಾರ ಮದುವೆಗೆ ಎಷ್ಟು ಬ್ಲೌಸು ಬಂದಿದೆ, ಯಾರು ಅಳತೆ ಬ್ಲೌಸು ಕೊಡದೆ ಹೋದರು, ಯಾರು ಕೂಲಿಯಲ್ಲಿ ಚೌಕಾಸಿ ಮಾಡಿದರು. ಮಾತಿನ ನಡುವೆ ಉಸಿರು ಕತ್ತರಿಸಿ ವಾಕ್ಯ ತುಂಡಾದ ಕೂಡಲೇ ನಡಿಗೆಗೆ ಇಳಿಯುತ್ತಾರೆ, ಕಂಬ ಬರಲಿ ಬಾರದೆ ಇರಲಿ. ಯಾರೂ ಹೇಳಿಕೊಡದೆ ಅವರು ಹಿಡಿದಿದ್ದು ಓಟದ ಗುರುಗಳೆಲ್ಲ ಹೇಳುವ ಅಳತೆಯನ್ನೇ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿ, ಆಗದಿದ್ದರೆ ಜಾಸ್ತಿ. ಎರಡು ಮಕ್ಕಳ ತಾಯಿ, ತೂಕ ಎಂಬತ್ತರ ಮೇಲಿತ್ತು. "ತೂಕ ಇಳಿದ ಮೇಲೆ ಓಡ್ತೀನಿ ಅಂತ ಕೂತಿದ್ರೆ ಮಿಷನ್ ಮುಂದೆನೇ ಕೂತಿರ್ತಿದ್ದೆ ಮೇಡಂ" ಎಂದರು ಒಂದು ದಿನ. ಈಗ ಅವರು ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆಯದೆ ಓಡುತ್ತಾರೆ. ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿಲ್ಲ. ಇಳಿಯದಿದ್ದರೂ ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ರೀಡಿಂಗ್ ನೋಡಿ ಸಮಾಧಾನವಾಗಿದೆ, ಇವರಿಗೆ ರಾತ್ರಿ ನಿದ್ದೆ ಬರುತ್ತಿದೆ. ಓಟವನ್ನು ತೂಕದ ತಕ್ಕಡಿಯಲ್ಲಿ ಮಾತ್ರ ತೂಗುವವರು ಇದನ್ನು ಗಮನಿಸಬೇಕು. ತೂಕ ಹೆಚ್ಚಾಗಿ ಊಟದಿಂದ ಇಳಿಯುತ್ತದೆ. ಓಟದಿಂದ ಬರುವುದು ದಮ್ಮು, ನಿದ್ದೆ, ಹತೋಟಿಗೆ ಬಂದ ಬಿಪಿ, ಶುಗರ್.

ಇನ್ನೊಂದು ಕಾರಣಕ್ಕೂ ನಿಧಾನ ಬೇಕು. ದಮ್ಮು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆ ಇವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಉಸಿರು ಸಿಗುತ್ತಿದೆ ಎಂದು ದೂರ ಹೆಚ್ಚಿಸಿದವರಿಗೆ ಮುಂಗಾಲು ಮೂಳೆ ನೋವು, ಹಿಮ್ಮಡಿ ನೋವು ಬರುವುದು ಈ ಅಂತರದಲ್ಲೇ. "ಎಲ್ಲಾ ಎರಡು ವಾರದ ಹುಚ್ಚು" ಎಂದು ಟೀ ಅಂಗಡಿಯಲ್ಲಿ ಹೇಳುವವರು ನೋಡಿದ್ದು ಹೀಗೆ ನೋವು ಮಾಡಿಕೊಂಡು ಬಿಟ್ಟವರನ್ನು. ದಿನ ಬಿಟ್ಟು ದಿನ ಓಡಿದರೆ, ಒಂದು ವಾರ ಸುಲಭ ಅನ್ನಿಸಿದ ಮೇಲೂ ಇನ್ನೊಂದು ವಾರ ಅಷ್ಟರಲ್ಲೇ ಇದ್ದರೆ, ಬಿಡುವವರು ಕಡಿಮೆಯಾಗುತ್ತಾರೆ.

ಇದು ಬೆಂಗಳೂರಿನವರ ಶೋಕಿ, ಸಾವಿರಾರು ರೂಪಾಯಿಯ ಶೂ ಬೇಕು ಎನ್ನುವ ಮಾತಿಗೆ ದೊಡ್ಡ ಉತ್ತರ ಬೇಡ. ಬೆಂಗಳೂರಿನಲ್ಲಿ 2008ರಿಂದ ನಡೆಯುವ ಹತ್ತು ಕಿಲೋಮೀಟರ್ ಓಟಕ್ಕೆ ಹೊಳೆಯುವ ಬಟ್ಟೆ ತೊಟ್ಟು ಬರುವವರನ್ನು ಟಿವಿಯಲ್ಲಿ ನೋಡಿ ಹೀಗನ್ನಿಸಿರಬೇಕು. ಹಿಮ್ಮಡಿಯಲ್ಲಿ ಮೆತ್ತೆ ಇರುವ, ಬೆರಳಿನ ಮುಂದೆ ಅರ್ಧ ಇಂಚು ಜಾಗವಿರುವ, ಕಚ್ಚದ ಸಾಧಾರಣ ಕ್ಯಾನ್ವಾಸ್ ಶೂ ಶುರುವಿಗೆ ಸಾಕು. ಚಪ್ಪಲಿ ಮಾತ್ರ ಬೇಡ. ಓಟ ನಮ್ಮ ನೆಲದ್ದಲ್ಲ ಎನ್ನುವವರಿಗೆ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿದ ಕೆನೆತ್ ಪೊವೆಲ್ ಕೋಲಾರದ ಮಣ್ಣಿನಲ್ಲಿ ಹುಟ್ಟಿದವರು ಎಂದಷ್ಟೇ ನೆನಪಿಸುತ್ತೇನೆ.

ವಯಸ್ಸಾಯಿತು ಎನ್ನುವವರಿಗೆ ಫೌಜಾ ಸಿಂಗ್ ಅವರ ಬದುಕೇ ಉತ್ತರ. ಪಂಜಾಬಿನ ರೈತ, ಮಡದಿ ಮಕ್ಕಳ ಸಾವಿನ ದುಃಖ ಮರೆಯಲು ಮುಪ್ಪಿನಲ್ಲಿ ಓಟ ಹಿಡಿದು, 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ 89 ವರ್ಷ. 2025ರ ಜುಲೈನಲ್ಲಿ 114ನೇ ವಯಸ್ಸಿಗೆ ತೀರಿಕೊಂಡದ್ದು ಹೃದಯ ನಿಂತೋ ಮಂಡಿ ಸವೆದೋ ಅಲ್ಲ. ತಮ್ಮೂರ ಹತ್ತಿರ ರಸ್ತೆಯಲ್ಲಿ ವಾಹನ ಡಿಕ್ಕಿ ಹೊಡೆಯಿತು.

ಹೀಗಾಗಿ ಜಾಗದ ಬಗ್ಗೆ ಬಂದ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೋಲಾರಕ್ಕೂ ಹೊಸಕೋಟೆಗೂ ನಡುವಿನ ಹೆದ್ದಾರಿಯಲ್ಲಾಗಲಿ ಅದರ ಸರ್ವಿಸ್ ರಸ್ತೆಯಲ್ಲಾಗಲಿ ಯಾರೂ ಓಡಬಾರದು. ನಸುಕಿನಲ್ಲಿ ಟೊಮೇಟೊ ಬಾಕ್ಸ್ ಹೊತ್ತ ಪಿಕಪ್‌ಗಳು ಮಾರುಕಟ್ಟೆ ಸೇರುವ ಆತುರದಲ್ಲಿರುತ್ತವೆ, ಶಿಫ್ಟ್ ಬಸ್ಸುಗಳು ಸಾಲಾಗಿ ಬರುತ್ತವೆ, ಚಾಲಕನೂ ರಾತ್ರಿ ನಿದ್ದೆಗೆಟ್ಟಿರುತ್ತಾನೆ. ಅದಕ್ಕೇ ನಾವು ಕೆರೆ ಕಟ್ಟೆ ಆರಿಸಿಕೊಂಡಿದ್ದು. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗೆ 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬಂತು. "ಆ ಕೊಳಚೆ ನೀರಿನ ಗಾಳಿ ಕುಡಿಯೋಕೆ ಹೋಗ್ತೀರಾ?" ಎಂದು ಕೇಳಿದವರಿದ್ದಾರೆ. ಆ ನೀರನ್ನು ಮೂರನೇ ಹಂತಕ್ಕೂ ಶುದ್ಧೀಕರಿಸಬೇಕು ಎಂಬ ಜಿಲ್ಲೆಯ ರೈತರ ಬೇಡಿಕೆ ನ್ಯಾಯವಾದದ್ದು, ನಾನೂ ಅದರ ಪರ. ಆದರೆ ನಾವು ಆ ನೀರು ಕುಡಿಯುತ್ತಿಲ್ಲ, ಕಟ್ಟೆಯ ಮೇಲೆ ಓಡುತ್ತಿದ್ದೇವೆ. ಲಾರಿಯ ಹೊಗೆಗಿಂತ ಅಲ್ಲಿನ ಗಾಳಿ ಮೇಲು. ನಾಯಿಗಳ ತೊಂದರೆ ಇದೆ. ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಬೆನ್ನು ತೋರಿಸದೆ, ನಿಧಾನವಾಗಿ ನಡೆದರೆ ಬಹುಪಾಲು ಹಿಂದೆ ಸರಿಯುತ್ತವೆ.

ಕೊನೆಗೆ ಹೆಣ್ಣುಮಕ್ಕಳ ವಿಷಯ. ಇದನ್ನು ನನ್ನ ಮುಖಕ್ಕೆ ಹೇಳಿದವರಿಗಿಂತ ಮನೆಯವರ ಕಿವಿಗೆ ಹಾಕಿದವರೇ ಹೆಚ್ಚು. ಮೈ ಕುಲುಕಿಸಿಕೊಂಡು ಬೀದಿಯಲ್ಲಿ ಓಡುವುದು ಚೆನ್ನಾಗಿರುವುದಿಲ್ಲ ಎಂಬುದು ಒಂದು ಮಾತು. ಗರ್ಭಕೋಶ ಜಾರುತ್ತದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಈ ಭಯ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ, ಒಂದು ಕಾಲಕ್ಕೆ ಅಮೆರಿಕದಲ್ಲೂ ಇತ್ತು. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬ ಹಿಂದಿನಿಂದ ಬಂದು ಮೈಮೇಲಿನ ನಂಬರ್ ಕಿತ್ತುಕೊಳ್ಳಲು ನೋಡಿದ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಹೆಂಗಸರು ಓಡಿದ್ದಾರೆ, ಮಕ್ಕಳನ್ನೂ ಹೆತ್ತಿದ್ದಾರೆ. ಹೆರಿಗೆಯ ನಂತರ ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲವಾಗಿ, ಓಡುವಾಗ ಕೆಮ್ಮುವಾಗ ಮೂತ್ರ ಸೋರುವುದು, ಕೆಳಗೆ ಭಾರ ಜಗ್ಗಿದಂತಾಗುವುದು ಮಾತ್ರ ನಿಜವಾದ ತೊಂದರೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ವ್ಯಾಯಾಮವಿದೆ, ಚಿಕಿತ್ಸೆಯಿದೆ. ಹಾಗಿರುವವರು ಓಟಕ್ಕೆ ಮೊದಲು ಲೇಡಿ ಡಾಕ್ಟರರನ್ನು ಕಾಣಲಿ.

ಚೆನ್ನಾಗಿರುವುದಿಲ್ಲ ಎಂಬ ಮಾತಿಗೆ ಬಂದರೆ, ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಹಾಗೆ ಓಡಿ ಕೆಲಸ ಗಿಟ್ಟಿಸಿದ ಹುಡುಗಿಗೆ ಊರಿನಲ್ಲಿ ಹಾರ ಹಾಕುತ್ತೇವೆ. ಸಂಬಳಕ್ಕಾಗಿ ಓಡಿದರೆ ಮರ್ಯಾದೆ, ಆರೋಗ್ಯಕ್ಕಾಗಿ ಓಡಿದರೆ ಅಮರ್ಯಾದೆ ಎಂದರೆ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಕತ್ತಲಲ್ಲಿ ಪಿಜಿಗೆ ನಡೆದು ಹೋಗುವ ನೂರಾರು ಹುಡುಗಿಯರು ಈ ಊರಿನಲ್ಲಿದ್ದಾರೆ. ಅವರು ದುಡಿಯಲು ಈ ರಸ್ತೆ ಸುರಕ್ಷಿತವಾಗಿದ್ದರೆ ಓಡಲೂ ಸುರಕ್ಷಿತವಾಗಿರಬೇಕು. ಇಲ್ಲದಿದ್ದರೆ ಎರಡಕ್ಕೂ ಸುರಕ್ಷಿತ ಮಾಡುವ ಹೊಣೆ ನಮ್ಮೆಲ್ಲರದು.

ಆದ್ದರಿಂದ ಆಕ್ಷೇಪ ಹೇಳಿದವರಲ್ಲೇ ಒಂದು ಬೇಡಿಕೆ ಇಡುತ್ತೇನೆ, ಏಕೆಂದರೆ ಅವರಲ್ಲಿ ಕೆಲವರು ಪಂಚಾಯಿತಿಯಲ್ಲೂ ಶಾಲಾಭಿವೃದ್ಧಿ ಸಮಿತಿಯಲ್ಲೂ ಇದ್ದಾರೆ. ಶಾಲೆಯ ಮೈದಾನದ ಗೇಟನ್ನು ಬೆಳಿಗ್ಗೆ ಐದೂವರೆಗೆ ತೆಗೆಸಿ. ಪ್ರಾರ್ಥನೆಯ ಹೊತ್ತಿಗೆ ಖಾಲಿ ಮಾಡಿ, ಕಸ ಗುಡಿಸಿ ಬೀಗದ ಕೈ ಒಪ್ಪಿಸುವ ಜವಾಬ್ದಾರಿ ನನ್ನದು. ಕೆರೆ ಕಟ್ಟೆಯ ಕಂಬಗಳಲ್ಲಿ ದೀಪ ಉರಿಯದವು ಯಾವುವು ಎಂದು ನಾವು ಗುರುತು ಮಾಡಿ ಪಟ್ಟಿ ಬರೆದಿಟ್ಟಿದ್ದೇವೆ. ಮುಂದಿನ ಗ್ರಾಮ ಸಭೆಗೆ ಅದನ್ನು ತರುತ್ತೇವೆ.